ಆನೆ ತುಳಿದವರ ಫೋಟೋ ಹಾಕಿದೆ, ತೆಗೆದುಹಾಕಿದರು. ನಮಗೆ ವಾಕ್ ಸ್ವಾತಂತ್ರ್ಯ ಇಲ್ವಾ?

ಪ್ರಶ್ನೆ: ಮೇಡಂ, ನಮ್ಮದು ಸಕಲೇಶಪುರ ತಾಲ್ಲೂಕು. ಪಕ್ಕದ ತೋಟಕ್ಕೆ ಕೂಲಿಗೆ ಬರುತ್ತಿದ್ದವರೊಬ್ಬರನ್ನು ಬೆಳಗ್ಗೆ ಏಳು ಗಂಟೆಗೆ ಆನೆ ತುಳಿದು ಸಾಯಿಸಿತು. ನಾನು ಎರಡು ಫೋಟೋ ಹಾಕಿ, "ಇನ್ನೆಷ್ಟು ಜೀವ ಹೋಗಬೇಕು?" ಅಂತ ಬರೆದೆ. ಜನ ಹಂಚಿಕೊಳ್ಳೋಕೆ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಪೋಸ್ಟೇ ಇಲ್ಲ. "ನಮ್ಮ ನಿಯಮಗಳಿಗೆ ವಿರುದ್ಧ" ಅಂತ ಒಂದು ಸಾಲು ಬಂತು, ಅಷ್ಟೆ. ನಾನು ಸುಳ್ಳು ಬರೆದಿಲ್ಲ, ಯಾರಿಗೂ ಬೈದಿಲ್ಲ. ಸಂವಿಧಾನ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳೋಕೆ ಇವರು ಯಾರು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ಆದರೆ ಇಷ್ಟು ನೋವಿನಿಂದ ಕೇಳಿದವರು ಕಡಿಮೆ. ನೀವು ಕಳಿಸಿದ ಎರಡೂ ಫೋಟೋ ನೋಡಿದೆ. ಮೊದಲನೆಯದರಲ್ಲಿ ಮುರಿದ ಕಾಫಿ ಗಿಡ, ಒಂಟಿ ಚಪ್ಪಲಿ, ಮುಚ್ಚಳ ಹಾರಿಹೋದ ಟಿಫನ್ ಡಬ್ಬಿ, ಮಣ್ಣಿಗೆ ಬಿದ್ದ ಅಕ್ಕಿ ರೊಟ್ಟಿ. ಎರಡನೆಯದರಲ್ಲಿ ಅವರ ದೇಹ, ಮುಖ. ಈ ಎರಡು ಫೋಟೋಗಳ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮೊದಲು ನೇರ ಉತ್ತರ. ಸಂವಿಧಾನದ 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೆ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಅದು ಮುಖ್ಯವಾಗಿ ಸರ್ಕಾರದ ಕೈ ಕಟ್ಟುವ ಹಕ್ಕು. ಸರ್ಕಾರ ನಿಮ್ಮ ಬಾಯಿ ಮುಚ್ಚಿಸಬೇಕಾದರೆ ಒಂದು ಕಾನೂನು ಇರಬೇಕು. ಆ ಕಾನೂನು 19(2)ರಲ್ಲಿ ಹೇಳಿದ ಕಾರಣಗಳ ಒಳಗೇ ಇರಬೇಕು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಮಾನಹಾನಿ, ಸಭ್ಯತೆ, ಅಪರಾಧಕ್ಕೆ ಪ್ರಚೋದನೆ, ಹೀಗೆ ಕೆಲವೇ ಕಾರಣಗಳು. "ನನಗೆ ಇಷ್ಟವಾಗಲಿಲ್ಲ" ಅನ್ನೋದು ಆ ಪಟ್ಟಿಯಲ್ಲಿ ಇಲ್ಲ.

ಕಂಪನಿಯ ಲೆಕ್ಕ ಬೇರೆ. ನಿಮ್ಮ ತೋಟದ ಗೇಟಿಗೆ ಯಾರೋ ಬಂದು ಬೋರ್ಡ್ ತಗುಲಿಸಿದರೆ ನೀವು ಕಿತ್ತು ಪಕ್ಕಕ್ಕಿಡಬಹುದು, ಯಾರೂ ಕೇಳುವುದಿಲ್ಲ. ಅದೇ ಗೇಟಿಗೆ ನೀವೇ ಹಾಕಿದ ಬೋರ್ಡನ್ನು ಪೊಲೀಸರು ಕೀಳಬೇಕಾದರೆ ಕಾನೂನು ತೋರಿಸಬೇಕು. ಜಾಲತಾಣದ ಕಂಪನಿ ತನ್ನನ್ನು ಆ ಗೇಟಿನ ಮಾಲೀಕ ಅಂತ ಹೇಳಿಕೊಳ್ಳುತ್ತದೆ. ಖಾತೆ ತೆರೆಯುವಾಗ ನಾವೆಲ್ಲ ಓದದೆ ಒತ್ತಿದ "ಒಪ್ಪಿದ್ದೇನೆ" ಅನ್ನುವ ಗುಂಡಿಯೇ ಅದರ ದಾಖಲೆ.

ಈ ಹೋಲಿಕೆ ಪೂರ್ತಿ ಸರಿ ಅಂತ ನಾನು ಒಪ್ಪುವುದಿಲ್ಲ. ಇಡೀ ಊರೇ ಬಂದು ನಿಂತು ಮಾತಾಡುವ ಗೇಟು ಬರೀ ಖಾಸಗಿ ಗೇಟಾಗಿ ಉಳಿಯುತ್ತದಾ? ನ್ಯಾಯಾಲಯಗಳೂ ಇದನ್ನು ಯೋಚಿಸುತ್ತಿವೆ. 19ನೇ ವಿಧಿ ಮತ್ತು ಬದುಕುವ ಹಕ್ಕು ಕೊಡುವ 21ನೇ ವಿಧಿಯ ಹಕ್ಕುಗಳನ್ನು ಸರ್ಕಾರದ ಹೊರಗಿನವರ ವಿರುದ್ಧವೂ ಕೇಳಬಹುದು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದನ್ನು ಒಪ್ಪದೆ ಬೇರೆ ತೀರ್ಪು ಬರೆದರು. ಆ ಮಾತು ಹಿಡಿದುಕೊಂಡು ನಾಳೆ ಬೆಳಗ್ಗೆ ನಿಮ್ಮ ಪೋಸ್ಟ್ ವಾಪಸ್ ತರಿಸಬಹುದು ಅಂತಲ್ಲ. ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತ ಮಾತ್ರ.

ಹಾಗಾಗಿ ನೀವು ಮೊದಲು ಪತ್ತೆ ಮಾಡಬೇಕಾದ್ದು ಒಂದೇ: ಪೋಸ್ಟ್ ತೆಗೆದವರು ಕಂಪನಿಯವರೋ, ಸರ್ಕಾರ ತೆಗೆಸಿತೋ? ಕಂಪನಿ ತೆಗೆದರೆ "ನಮ್ಮ ನಿಯಮ", "ಸಮುದಾಯ ಮಾನದಂಡ" ಅಂತ ಬರುತ್ತದೆ. ಸರ್ಕಾರದ ಆದೇಶವಾದರೆ ಸಾಮಾನ್ಯವಾಗಿ "ಕಾನೂನು ಕೋರಿಕೆಯಂತೆ" ಅಂತಲೋ, "ಭಾರತದಲ್ಲಿ ಲಭ್ಯವಿಲ್ಲ" ಅಂತಲೋ ಬರುತ್ತದೆ. ದುಬೈಯಲ್ಲಿರುವ ನಿಮ್ಮ ಭಾವನಿಗೆ ಕಾಣುವ ಪೋಸ್ಟ್ ನಿಮಗೆ ಕಾಣದಿದ್ದರೆ ಅದು ಎರಡನೆಯದೇ ಇರಬಹುದು.

ಸರ್ಕಾರದ ದಾರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು ಬಂಧಿಸಿದರು. ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಒಬ್ಬಾಕೆ ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ್ದಳು, ಇನ್ನೊಬ್ಬಾಕೆ ಅದಕ್ಕೆ ಲೈಕ್ ಒತ್ತಿದ್ದಳು. ಅದಕ್ಕೆ ಬಳಸಿದ್ದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಕಲಂ, ಅಂದರೆ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಮಾಡಿದ್ದ ಕಲಂ. ಅದನ್ನು ಪ್ರಶ್ನಿಸಿ ಶ್ರೇಯಾ ಸಿಂಘಾಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆ ಕಲಮನ್ನೇ ರದ್ದು ಮಾಡಿತು. ಆಮೇಲೂ ಪೊಲೀಸರು 66ಎ ಅಡಿ ಕೇಸು ಹಾಕುತ್ತಲೇ ಇದ್ದರು. ಇನ್ನು ಹಾಕಬೇಡಿ ಅಂತ 2022ರಲ್ಲಿ ಕೋರ್ಟ್ ಮತ್ತೆ ಹೇಳಬೇಕಾಯಿತು. ಯಾರಾದರೂ ನಿಮ್ಮನ್ನು ಆ ಕಲಂ ಹೆಸರು ಹೇಳಿ ಹೆದರಿಸಿದರೆ ಇದು ನೆನಪಿರಲಿ.

ಅದೇ ಕಾಯ್ದೆಯಲ್ಲಿ ಈಗಲೂ ಇರುವುದು 69ಎ ಕಲಂ. ಅದರಡಿ ಕೇಂದ್ರ ಸರ್ಕಾರ ಪೋಸ್ಟುಗಳನ್ನು, ಖಾತೆಗಳನ್ನು ತಡೆಯಬಹುದು. ಆ ಆದೇಶಗಳು ಗುಟ್ಟಾಗಿರುತ್ತವೆ. ನನಗೆ ಇದರಲ್ಲಿ ದೊಡ್ಡ ತಕರಾರು ಅದೇ. ಯಾಕೆ ತಡೆದರು ಅಂತ ಗೊತ್ತಿಲ್ಲದವನು ಕೋರ್ಟಿಗೆ ಹೋಗಿ ಏನಂತ ಹೇಳಬೇಕು? ಇಂಥ ಆದೇಶಗಳನ್ನು ಟ್ವಿಟರ್ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಪ್ರಶ್ನಿಸಿತ್ತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಕಂಪನಿಗೆ 50 ಲಕ್ಷ ರೂಪಾಯಿ ದಂಡವೂ ಬಿತ್ತು. ಎಕ್ಸ್ ಅಂತ ಹೆಸರು ಬದಲಾದ ಮೇಲೆ ಅದೇ ಕಂಪನಿ, ಪೋಸ್ಟ್ ತೆಗೆಯಿರಿ ಅಂತ ಕಂಪನಿಗಳಿಗೆ ಸೂಚನೆ ಕಳಿಸುವ ಸರ್ಕಾರದ "ಸಹಯೋಗ್" ಪೋರ್ಟಲ್ ವಿರುದ್ಧ ಮತ್ತೆ ಬಂತು. 2025ರ ಸೆಪ್ಟೆಂಬರ್ 24ರಂದು ಅದೂ ವಜಾ. 19ನೇ ವಿಧಿ ನಾಗರಿಕರಿಗಿರುವುದು, ವಿದೇಶಿ ಕಂಪನಿಗಲ್ಲ ಅಂತ ಹೈಕೋರ್ಟ್ ಹೇಳಿತು. ಗಮನಿಸಿ, ನಿಮ್ಮ ಪೋಸ್ಟಿನ ಹಕ್ಕು ನಿಮ್ಮದು. ಅದಕ್ಕಾಗಿ ಕಂಪನಿ ಹೋರಾಡುತ್ತದೆ ಅಂತ ಕಾಯುವ ಹಾಗಿಲ್ಲ.

ನಿಮ್ಮ ವಿಷಯದಲ್ಲಿ ತೆಗೆದದ್ದು ಕಂಪನಿಯೇ, ಬಹುಶಃ ಯಂತ್ರ. ದಿನಕ್ಕೆ ಕೋಟಿಗಟ್ಟಲೆ ಪೋಸ್ಟ್ ಬರುವಾಗ ಮನುಷ್ಯರು ಒಂದೊಂದನ್ನೂ ನೋಡುವುದು ಆಗದ ಮಾತು. ರಕ್ತ, ಗಾಯ, ಬೆತ್ತಲೆ ಮೈ ಇರುವ ಚಿತ್ರವನ್ನು ಯಂತ್ರ ಗುರುತಿಸುತ್ತದೆ. ತೆಗೆಯಬಹುದು, ಎಚ್ಚರಿಕೆಯ ಪರದೆ ಹಾಕಬಹುದು, ಅಥವಾ ಜಾಸ್ತಿ ಜನರಿಗೆ ಕಾಣದ ಹಾಗೆ ಹಿಂದಕ್ಕೆ ತಳ್ಳಬಹುದು. ಆನೆ ತುಳಿದದ್ದೋ, ಕೊಲೆಯೋ, ನ್ಯಾಯ ಕೇಳುತ್ತಿರುವುದೋ, ವಿಕೃತ ಖುಷಿಯೋ, ಇದು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ಅದರಲ್ಲೂ ಬರಹ ಕನ್ನಡದಲ್ಲಿದ್ದರೆ!

ನಮ್ಮ ಕಡೆ ಗೆಳೆಯನಿಗೆ "ಭಾನುವಾರ ಗುಂಡು ಹೊಡೆಯೋಣ ಬಾ" ಅಂತ ಬರೆದರೆ ಅದು ಕುಡಿಯೋಕೆ ಕರೆದದ್ದು. ಪದಕ್ಕೆ ಪದ ನೋಡುವ ಯಂತ್ರಕ್ಕೆ ಬಂದೂಕು ಕಾಣಬಹುದು. ಇದಕ್ಕಿಂತ ನನ್ನನ್ನು ಕಾಡುವುದು ಇದರ ಉಲ್ಟಾ. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ತನಗೆ ಬಂದ ಕಾಮೆಂಟ್ ಒಂದನ್ನು ನನಗೆ ತೋರಿಸಿದ್ದಳು. "ಅಕ್ಕ, ಒಂದಿನ ನಿಮ್ಮನೆಗೆ ಕಾಫಿಗೆ ಬರ್ತೀವಿ. ಮಗಳು ಎಂಟೂಕಾಲರ ಬಸ್ಸಿಗೆ ಹೋಗ್ತಾಳಲ್ವಾ." ಇದರಲ್ಲಿ ಒಂದೂ ಕೆಟ್ಟ ಪದ ಇಲ್ಲ. ಓದಿದ ತಾಯಿಗೆ ಎದೆ ಧಸಕ್ ಎನ್ನುತ್ತದೆ. ಅವಳು ರಿಪೋರ್ಟ್ ಮಾಡಿದಳು. "ನಿಯಮ ಉಲ್ಲಂಘನೆ ಕಂಡುಬಂದಿಲ್ಲ" ಅಂತ ಉತ್ತರ ಬಂತು. ನಿಮ್ಮ ಪೋಸ್ಟ್ ಹೋಯಿತು, ಆ ಕಾಮೆಂಟ್ ಉಳಿಯಿತು. ಎರಡಕ್ಕೂ ಕಾರಣ ಒಂದೇ. ನಮ್ಮ ಭಾಷೆ, ನಮ್ಮ ಊರು ಗೊತ್ತಿರುವ ಮನುಷ್ಯರು ಅಲ್ಲಿ ಸಾಕಷ್ಟು ಇಲ್ಲ.

ಹಾಗಂತ ಏನನ್ನೂ ತೆಗೆಯಲೇಬಾರದು ಅಂತ ವಾದಿಸುವವರ ಜೊತೆ ನಾನಿಲ್ಲ. ಹಾಸನದವರಾಗಿ ನಾವು ಆ ಮಾತು ಹೇಳೋದು ಕಷ್ಟ. 2024ರ ಏಪ್ರಿಲ್ 26ರಂದು ಇಲ್ಲಿ ಲೋಕಸಭೆಗೆ ಮತದಾನ. ಅದಕ್ಕೆ ಕೆಲವು ದಿನ ಮುಂಚೆ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್‌ಗಳು ಊರೂರು ಸುತ್ತಿದವು. ವಿಡಿಯೋಗಳು ಒಂದು ಮೊಬೈಲಿಂದ ಇನ್ನೊಂದಕ್ಕೆ ಹೋದವು. ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಡಿರಲಿಲ್ಲ. ಆ ಅಪರಾಧ ಮಾಡಿದವನ ವಿಚಾರ ಕೋರ್ಟಿನಲ್ಲಿ ನಡೆಯಿತು, ಒಂದು ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆಯೂ ಆಯಿತು. ಆದರೆ ಆ ವಿಡಿಯೋ ಫಾರ್ವರ್ಡ್ ಮಾಡಿದವರು ಯಾರು? ನಮ್ಮ ನಡುವಿನವರೇ. ಹಂಚುವುದೂ ಅಪರಾಧ ಅಂತ ವಿಶೇಷ ತನಿಖಾ ದಳ ಎಚ್ಚರಿಕೆ ಕೊಡಬೇಕಾಯಿತು. ಐಟಿ ಕಾಯ್ದೆಯ 67ಎ ಕಲಂ ಪ್ರಕಾರ ಲೈಂಗಿಕ ಕ್ರಿಯೆಯ ದೃಶ್ಯ ಹಂಚಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. "ನಿಜ ಹೇಳೋಕೆ ಹಂಚಿದೆ" ಅಂತ ಆಗ ಎಷ್ಟೋ ಜನ ಹೇಳಿದರು. ಆ ನಿಜದಲ್ಲಿ ಮುಖ ಕಾಣುತ್ತಿದ್ದವಳನ್ನು ಯಾರೂ ಕೇಳಲಿಲ್ಲ.

ಇಂಥ ಚಿತ್ರ ನಿಮ್ಮ ಪರಿಚಯದವರದ್ದು ಹರಿದಾಡುತ್ತಿದ್ದರೆ ಒಂದು ದಾರಿ ಇದೆ. ಸ್ಟಾಪ್‌ಎನ್‌ಸಿಐಐ ಅಂತ ಒಂದು ಜಾಲತಾಣ. 18 ವರ್ಷ ದಾಟಿದವರಿಗೆ, ಚಿತ್ರದಲ್ಲಿರುವವರೇ ಬಳಸಬೇಕು. ಫೋಟೋ ಅವರ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ. ಅದರ ಜೊತೆ ಕೈಜೋಡಿಸಿರುವ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ತಡೆಯುತ್ತವೆ. ಆದರೆ ವಾಟ್ಸ್ಆ್ಯಪ್ ಸಂದೇಶದ ಒಳಗೆ ಕಂಪನಿಯೂ ಇಣುಕುವ ಹಾಗಿಲ್ಲ. ಅದಕ್ಕೇ 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೆಂಗಳೂರು, ಬೀದರ್ ಕಡೆ ಅಮಾಯಕರು ಜನರ ಕೈಯಲ್ಲಿ ಸತ್ತಾಗ ಕಂಪನಿ ಮಾಡಿದ್ದು ಸಂದೇಶ ಅಳಿಸುವುದಲ್ಲ. ಒಂದು ಸಲಕ್ಕೆ 5 ಕಡೆಗಿಂತ ಹೆಚ್ಚು ಫಾರ್ವರ್ಡ್ ಆಗದ ಹಾಗೆ ಮಿತಿ ಹಾಕಿದರು.

ಈಗ ನೀವು ಮಾಡಬೇಕಾದ್ದು. ಬಂದ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ತಾರೀಖು ಕಾಣುವ ಹಾಗೆ. ಅಲ್ಲೇ ಮೇಲ್ಮನವಿಯ ಗುಂಡಿ ಇರುತ್ತದೆ, ಒತ್ತಿ. ಅದಕ್ಕೂ ಹಾರಿಕೆಯ ಉತ್ತರ ಬಂದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಕಂಪನಿಗೂ ಅಂಥ ಅಧಿಕಾರಿ ಇರಬೇಕು. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ದೊಡ್ಡ ಕಂಪನಿಯಾದರೆ ಅವರು ಭಾರತದಲ್ಲೇ ವಾಸವಿರಬೇಕು. ದೊಡ್ಡ ಕಂಪನಿ ತಾನಾಗಿ ಪೋಸ್ಟ್ ತೆಗೆಯುವುದಾದರೆ ಮೊದಲೇ ನಿಮಗೆ ಕಾರಣ ತಿಳಿಸಬೇಕು, ತಕರಾರು ಹೇಳಲು ಅವಕಾಶ ಕೊಡಬೇಕು. ಇದು ಕಂಪನಿಯ ಔದಾರ್ಯ ಅಲ್ಲ, ನಿಯಮ. ನಿಮ್ಮ ನಿಜವಾದ ಹಕ್ಕು ಇಲ್ಲಿದೆ. "ವಾಕ್ ಸ್ವಾತಂತ್ರ್ಯ ಎಲ್ಲಿ" ಅಂತ ಕೇಳುವ ಬದಲು "ಯಾವ ನಿಯಮ, ಯಾವ ಫೋಟೋ, ಯಾವ ಕಾರಣ" ಅಂತ ಕೇಳಿ. ಆ ಒಂದು ಸಾಲಿನ ಉತ್ತರ ಉತ್ತರವೇ ಅಲ್ಲ ಅಂತ ಬರೆಯಿರಿ.

ಅಲ್ಲೂ ಆಗದಿದ್ದರೆ ಮೇಲ್ಮನವಿ ಸಮಿತಿ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಇಂಥ 3 ಸಮಿತಿ ಮಾಡಿತು. ಕಂಪನಿಯ ಉತ್ತರ ಬಂದ 30 ದಿನದೊಳಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬೇಕು. ವಕೀಲರು ಬೇಕಿಲ್ಲ, ದೆಹಲಿಗೆ ಓಡಬೇಕಿಲ್ಲ. ಸದಸ್ಯರನ್ನು ಸರ್ಕಾರವೇ ನೇಮಿಸುತ್ತದೆ, ಹಾಗಾಗಿ ಸರ್ಕಾರವನ್ನು ಟೀಕಿಸಿದ ಪೋಸ್ಟಿನ ವಿಷಯದಲ್ಲಿ ನನಗೆ ಅದರ ಮೇಲೆ ಪೂರ್ತಿ ಭರವಸೆ ಇಲ್ಲ. ನಿಮ್ಮಂಥ ಪ್ರಕರಣಕ್ಕೆ ಬಳಸಿ ನೋಡಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆದರೆ ಮೆಟಾದ ಮೇಲ್ವಿಚಾರಣಾ ಮಂಡಳಿಯೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸುಧೀರ್ ಕೃಷ್ಣಸ್ವಾಮಿ ಅದರ ಮೊದಲ ತಂಡದಲ್ಲೇ ಇದ್ದರು. ಆದರೆ ಆ ಮಂಡಳಿ ಕೈಗೆತ್ತಿಕೊಳ್ಳುವ ಪ್ರಕರಣಗಳು ತೀರಾ ಕಡಿಮೆ.

ಇನ್ನು ಆ ಎರಡು ಫೋಟೋ. ಎರಡನೆಯದನ್ನು ಮತ್ತೆ ಹಾಕಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಯಂತ್ರ ಹಿಡಿಯುತ್ತದೆ ಅಂತಲ್ಲ. ತೀರಿಕೊಂಡವರಿಗೆ ಹೈಸ್ಕೂಲಿಗೆ ಹೋಗುವ ಮಗ ಇದ್ದಾನೆ ಅಂತ ನೀವೇ ಬರೆದಿದ್ದೀರಿ. ಅವನ ಕೈಯಲ್ಲೂ ಮೊಬೈಲ್ ಇರುತ್ತದೆ. ಮೊದಲನೆಯದನ್ನು ಹಾಕಿ. ಎಲ್ಲಿ ನಡೆದದ್ದು, ಎಷ್ಟು ಗಂಟೆಗೆ, ಆ ದಾರಿಯಲ್ಲಿ ದಿನಾ ಎಷ್ಟು ಜನ ನಡೆದು ಕೆಲಸಕ್ಕೆ ಹೋಗುತ್ತಾರೆ, ಆ ಬೆಳಗ್ಗೆ ಆನೆ ಇರುವ ಸುದ್ದಿ ಅವರಿಗೆ ಮುಟ್ಟಿತ್ತೋ ಇಲ್ಲವೋ, ಎಲ್ಲ ಬರೆಯಿರಿ. ಮನೆಯವರನ್ನು ಒಂದು ಮಾತು ಕೇಳಿ ಹೆಸರು ಹಾಕಿ. ಹಾಕಿದ ಮೇಲೆ ನನಗೂ ಕಳಿಸಿ. ಅದನ್ನೂ ತೆಗೆದರೆ ಮೇಲ್ಮನವಿ ಅರ್ಜಿ ಬರೆಯೋಕೆ ನಾನು ಜೊತೆಗೆ ಕೂರುತ್ತೇನೆ.