ಮೊದಲ ದಿನ ಸಪ್ಪೆ, ಹದಿನೈದನೇ ದಿನ ಬಾಯಲ್ಲೇ: ಹೊಸ ಆಲ್ಬಂ ಎಷ್ಟು ಸಲ ಕೇಳಿ ಅಭಿಪ್ರಾಯ ಹೇಳಬೇಕು?

ಪ್ರಶ್ನೆ: ಹೊಸ ಆಲ್ಬಂ ಬಂದ ದಿನವೇ ಕೇಳಿ, "ಈ ಸಲ ಏನೂ ಇಲ್ಲ ಗುರು" ಅಂತ ಗೆಳೆಯರಿಗೆಲ್ಲ ಹೇಳಿಬಿಡುತ್ತೇನೆ. ಹದಿನೈದು ದಿನ ಕಳೆದರೆ ಅದೇ ಹಾಡನ್ನು ನಾನೇ ಗುನುಗುತ್ತಿರುತ್ತೇನೆ. ಅವರು ಸಿಕ್ಕಿದ್ದೇ ಚಾನ್ಸು ಅಂತ ಕಾಲೆಳೆಯುತ್ತಾರೆ. ನಾನು ಮೊದಲು ಹೇಳಿದ್ದು ತಪ್ಪಾ? ಅಥವಾ ಕೇಳಿ ಕೇಳಿ ಸುಮ್ನೆ ಅಭ್ಯಾಸ ಆಯ್ತಾ? ಅಭಿಪ್ರಾಯ ಹೇಳೋಕೆ ಎಷ್ಟು ಸಲ ಕೇಳಿರಬೇಕು?

ಉತ್ತರ: ಈ ಪ್ರಶ್ನೆ ನಿಮ್ಮೊಬ್ಬರದ್ದಲ್ಲ. ಹೊಸ ಸಿನಿಮಾದ ಹಾಡುಗಳು ಬಂದಾಗಲೆಲ್ಲ ಬೇರೆ ಬೇರೆ ಮಾತಿನಲ್ಲಿ ಇದೇ ಬರುತ್ತದೆ. ಚಿಕ್ಕ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ: ಮೂರು ಸಲ ಕೇಳಿ, ಆದರೆ ಮೂರೂ ಸಲ ಒಂದೇ ದಿನ ಬೇಡ. ನೀವು ಮೊದಲ ದಿನ ಹೇಳಿದ್ದು ಸುಳ್ಳಲ್ಲ, ಹದಿನೈದನೇ ದಿನ ಗುನುಗಿದ್ದೂ ಸುಳ್ಳಲ್ಲ. ಎರಡು ಸಲವೂ ನಿಮ್ಮ ಮಾತು ಬೇರೆ ಬೇರೆ ವಿಷಯದ ಬಗ್ಗೆ ಇತ್ತು, ಅಷ್ಟೇ.

ಮೊದಲ ಸಲ ಕೇಳುವಾಗ ನಿಮ್ಮ ಕಿವಿಯಲ್ಲಿ ಎರಡು ಆಲ್ಬಂ ಓಡುತ್ತಿರುತ್ತವೆ. ಒಂದು ನಿಜವಾಗಿ ಬಂದಿರುವುದು. ಇನ್ನೊಂದು ನೀವೇ ತಿಂಗಳುಗಟ್ಟಲೆ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದು. ಅದೇ ಸಂಗೀತ ನಿರ್ದೇಶಕ, ಅದೇ ಗಾಯಕ, ಹೋದ ಸಲದ ಹಿಟ್ ಹಾಡು, ಇವೆಲ್ಲ ಸೇರಿ ಆ ಎರಡನೇ ಆಲ್ಬಂ ತಯಾರಾಗಿರುತ್ತದೆ. "ಏನೂ ಇಲ್ಲ ಗುರು" ಅಂದರೆ ಬಹಳ ಸಲ "ನಾನು ಅಂದುಕೊಂಡಿದ್ದು ಇಲ್ಲ" ಅಂತಲೇ ಅರ್ಥ.

ಈ ಗುಂಡಿಗೆ ಬಿದ್ದವರಲ್ಲಿ ಬರೆದು ಸಂಬಳ ತಗೊಳ್ಳುವ ವಿಮರ್ಶಕರೂ ಇದ್ದಾರೆ. ಬ್ರಿಟನ್ನಿನ ರೇಡಿಯೋಹೆಡ್ ತಂಡ 1997ರಲ್ಲಿ ‘ಓಕೆ ಕಂಪ್ಯೂಟರ್’ ಅನ್ನುವ ಆಲ್ಬಂ ಮಾಡಿ ಗಿಟಾರ್ ಪ್ರಿಯರ ಮನಸ್ಸು ಗೆದ್ದಿತ್ತು. 2000ದ ಅಕ್ಟೋಬರಿನಲ್ಲಿ ‘ಕಿಡ್ ಎ’ ಬಂತು. ಗಿಟಾರ್ ಹಿಂದೆ ಸರಿದು ಕೀಬೋರ್ಡು, ಎಲೆಕ್ಟ್ರಾನಿಕ್ ಸದ್ದು ಮುಂದೆ ಬಂದಿತ್ತು. ಅಲ್ಲಿನ ಮೆಲೋಡಿ ಮೇಕರ್ ಪತ್ರಿಕೆ ಐದಕ್ಕೆ ಒಂದೂವರೆ ಕೊಟ್ಟು ಕೈ ತೊಳೆದುಕೊಂಡಿತು. ದಶಕ ಮುಗಿಯುವ ಹೊತ್ತಿಗೆ ರೋಲಿಂಗ್ ಸ್ಟೋನ್ ಪತ್ರಿಕೆ ಮತ್ತು ಪಿಚ್‌ಫೋರ್ಕ್ ಅನ್ನುವ ಸಂಗೀತದ ವೆಬ್‌ಸೈಟ್ ಎರಡೂ ಅದನ್ನೇ ಆ ದಶಕದ ಅತ್ಯುತ್ತಮ ಆಲ್ಬಂ ಅಂದವು. ಹಾಡು ಅಲ್ಲೇ ಇತ್ತು, ಒಂದು ಸ್ವರವೂ ಬದಲಾಗಿರಲಿಲ್ಲ. ನಮ್ಮ ಕಡೆ ಎ.ಆರ್. ರೆಹಮಾನ್ ಹಾಡುಗಳಿಗೆ ಅಭಿಮಾನಿಗಳು "ಸ್ಲೋ ಪಾಯ್ಸನ್" ಅನ್ನುವುದು ಇದಕ್ಕೇ. ಮೊದಲ ವಾರ ಹೇಗಿದೆ ಅಂತ ಅವರನ್ನು ಕೇಳಲೇಬಾರದು, "ಇರಿ, ಏರುತ್ತೆ" ಅಂತಾರೆ.

ಸರಿ, ಏರುವುದು ಹೇಗೆ?

ನನ್ನದೇ ಒಂದು ವಿಷಯ ಹೇಳುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಕೂಡಿಟ್ಟ ದುಡ್ಡಿನಲ್ಲಿ ಒಂದು ಕ್ಯಾಸೆಟ್ ತಂದೆ. ಒಂದು ಹಾಡಿಗೋಸ್ಕರ ತಂದಿದ್ದು. ಉಳಿದವು ಸಪ್ಪೆ ಅನ್ನಿಸಿ ಹೊಟ್ಟೆ ಉರಿಯಿತು. ಆದರೆ ದುಡ್ಡು ಹೋಗಿತ್ತು, ಮನೆಯಲ್ಲಿ ಬೇರೆ ಹೊಸ ಕ್ಯಾಸೆಟ್ ಇರಲಿಲ್ಲ. ಬೇಕಾದ ಹಾಡಿಗೆ ಫಾರ್ವರ್ಡ್ ಒತ್ತಿ ಒತ್ತಿ ಹುಡುಕುವುದಕ್ಕಿಂತ ಸುಮ್ಮನೆ ಓಡಲು ಬಿಡುವುದೇ ಸುಲಭ. ಹಾಗಾಗಿ ಎ ಸೈಡು ಪೂರ್ತಿ, ಬಿ ಸೈಡು ಪೂರ್ತಿ, ದಿನಾ ಸಂಜೆ. ತಿಂಗಳ ನಂತರ ಒಂದು ವಿಚಿತ್ರ ಶುರುವಾಯಿತು. ಮೂರನೇ ಹಾಡು ಮುಗಿದು ಬರೀ ಟೇಪಿನ ‘ಸ್’ ಅನ್ನುವ ಸದ್ದು ಇರುತ್ತಿತ್ತಲ್ಲ, ಆ ಎರಡು ಮೂರು ಸೆಕೆಂಡಿನಲ್ಲೇ ನಾಲ್ಕನೇ ಹಾಡಿನ ಮೊದಲ ಕೊಳಲು ನನ್ನ ತಲೆಯೊಳಗೆ ಬಂದುಬಿಡುತ್ತಿತ್ತು. ಅದೂ ಸರಿಯಾದ ಶ್ರುತಿಯಲ್ಲೇ! ಈಗಲೂ ಆ ಮೂರನೇ ಹಾಡು ಎಲ್ಲಾದರೂ ಕೇಳಿಸಿದರೆ, ಅದು ಮುಗಿದ ಕೂಡಲೇ ಕೊಳಲಿಗೆ ಕಾಯುತ್ತೇನೆ. ರೇಡಿಯೋದವರು ಜಾಹೀರಾತು ಹಾಕಿದರೆ ಯಾರೋ ಕುರ್ಚಿ ಎಳೆದ ಹಾಗಾಗುತ್ತದೆ.

ಆ ನಾಲ್ಕನೇ ಹಾಡೇ ಆಮೇಲೆ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು.

ಹೀಗೆ ಮುಂದಿನದನ್ನು ಊಹಿಸುವುದು, ಆ ಊಹೆ ನಿಜವಾಗುವುದು, ಇದರಲ್ಲೇ ಹಾಡಿನ ಸುಖದ ದೊಡ್ಡ ಪಾಲಿದೆ. ಮೊದಲ ಸಲ ಕೇಳುವವರಿಗೆ ಊಹಿಸಲು ಕೈಯಲ್ಲಿ ಏನೂ ಇರುವುದಿಲ್ಲ. ರಾಬರ್ಟ್ ಜಾಯೊಂಕ್ ಅನ್ನುವ ಮನಶ್ಶಾಸ್ತ್ರಜ್ಞ 1968ರಲ್ಲೇ ಇದರ ಮೂಲ ಹಿಡಿದಿದ್ದರು. ಅರ್ಥವೇ ಇಲ್ಲದ ಪದಗಳನ್ನು, ಓದಲು ಬಾರದ ಲಿಪಿಯ ಅಕ್ಷರಗಳನ್ನು ಜನರಿಗೆ ತೋರಿಸಿದರು, ಕೆಲವನ್ನು ಕಡಿಮೆ ಸಲ, ಕೆಲವನ್ನು ಜಾಸ್ತಿ ಸಲ. ಜಾಸ್ತಿ ಸಲ ಕಂಡದ್ದೇ ಜನರಿಗೆ ಒಳ್ಳೆಯದು ಅನ್ನಿಸಿತು. ಬೇರೆ ಯಾವ ಕಾರಣವೂ ಇರಲಿಲ್ಲ.

ಸಂಗೀತದಲ್ಲಂತೂ ಇದು ಇನ್ನೂ ಜೋರು. ಡಯಾನಾ ಡಾಯ್ಚ್ ಅನ್ನುವ ಸಂಶೋಧಕಿ 1995ರಲ್ಲಿ ತಮ್ಮದೇ ಮಾತಿನ ಒಂದು ತುಣುಕನ್ನು ಮತ್ತೆ ಮತ್ತೆ ಕೇಳುತ್ತಾ ಇದ್ದರು. ಸ್ವಲ್ಪ ಹೊತ್ತಿಗೆ ಆ ಮಾತು ಹಾಡಿನ ಹಾಗೆ ಕೇಳಿಸತೊಡಗಿತು. ಸದ್ದಿನಲ್ಲಿ ಏನೂ ಬದಲಾಗಿರಲಿಲ್ಲ, ಬರೀ ಮರುಕಳಿಕೆ. ಇದನ್ನು ನೋಡಲು ಪ್ರಯೋಗಾಲಯ ಬೇಡ, ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಸಾಕು. "ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್" ಅಂತ ಕಂಡಕ್ಟರ್ ಕೂಗುವುದನ್ನು ಎಂಟು ಸಲ ಕೇಳಿ. ಒಂಬತ್ತನೇ ಸಲಕ್ಕೆ ಅದಕ್ಕೊಂದು ತಾಳ ಬಂದಿರುತ್ತದೆ, ನಿಮ್ಮ ಕಾಲು ಕುಟ್ಟಲು ಶುರುವಾಗಿರುತ್ತದೆ.

ಈಗ ಮೂರು ಸಲ ಅಂತ ಯಾಕೆ ಹೇಳಿದೆ ಅನ್ನುವುದಕ್ಕೆ ಬರೋಣ. ನಮ್ಮ ಸಿನಿಮಾ ಹಾಡನ್ನು ಬಿಚ್ಚಿ ನೋಡಿ. ಪಲ್ಲವಿ, ಒಂದು ಬಿಜಿಎಂ (ನಡುವೆ ಬರುವ ಬರೀ ವಾದ್ಯದ ತುಣುಕು), ಮೊದಲ ಚರಣ, ಮತ್ತೆ ಪಲ್ಲವಿ, ಇನ್ನೊಂದು ಬಿಜಿಎಂ, ಎರಡನೇ ಚರಣ, ಕೊನೆಗೆ ಮತ್ತೆ ಪಲ್ಲವಿ. ಎಲ್ಲ ಹಾಡೂ ಹೀಗೇ ಅಂತಲ್ಲ, ಆದರೆ ಬಹುಪಾಲು ಇದೇ ಅಚ್ಚು. ಅಂದರೆ ನೀವು "ಒಂದು ಸಲ ಕೇಳಿದೆ" ಅಂದಾಗ ಪಲ್ಲವಿಯನ್ನು ಮೂರು ಸಲ ಕೇಳಿರುತ್ತೀರಿ, ಶುರುವಿನಲ್ಲೇ ಎರಡೆರಡು ಸಲ ಹಾಡಿದ್ದರೆ ಇನ್ನೂ ಜಾಸ್ತಿ. ಚರಣದ ಟ್ಯೂನನ್ನು ಎರಡು ಸಲ. ಬಿಜಿಎಂ ತುಣುಕನ್ನು ಮಾತ್ರ ಒಂದೇ ಸಲ. ಎರಡನೇ ಚರಣದ ಸಾಹಿತ್ಯವೂ ಒಂದೇ ಸಲ, ಅದೂ ಅಷ್ಟರಲ್ಲಿ ನಿಮ್ಮ ಗಮನ ಬೇರೆಲ್ಲೋ ಹೋಗಿರುತ್ತದೆ. ಹಾಗಾಗಿ ಮೊದಲ ದಿನದ ಅಭಿಪ್ರಾಯ ಹಾಡಿನ ಬಗ್ಗೆ ಅಲ್ಲವೇ ಅಲ್ಲ, ಪಲ್ಲವಿಯ ಬಗ್ಗೆ. ಮೂರು ಸಲ ಕೇಳಿದರೆ ಚರಣ ಆರು ಸಲ ಕಿವಿಗೆ ಬಿದ್ದಿರುತ್ತದೆ, ಬಿಜಿಎಂ ಮೂರು ಸಲ. ಆವಾಗ ಮಾತಾಡಲು ಸ್ವಲ್ಪ ಸರಕು ಸಿಗುತ್ತದೆ.

ನನ್ನ ಅನುಭವದಲ್ಲಿ ಸಂಗೀತ ನಿರ್ದೇಶಕರ ಬಂಡವಾಳ ಗೊತ್ತಾಗುವುದು ಚರಣದಲ್ಲೇ. ಪಲ್ಲವಿ ಒಂದು ಒಳ್ಳೇ ಗಳಿಗೆಯಲ್ಲಿ ಹೊಳೆದುಬಿಡಬಹುದು. ಅದನ್ನು ಬಿಟ್ಟು ಹೊರಗೆ ಹೋಗಿ, ಸುತ್ತಾಡಿ, ಮತ್ತೆ ಪಲ್ಲವಿಗೇ ಮುಗ್ಗರಿಸದೆ ವಾಪಸ್ ಬರುವುದಕ್ಕೆ ಕಸುಬು ಬೇಕು. ಈಗ ರೀಲ್ಸಿಗೆ ಬೇಕಾಗುವುದು ಚಿಕ್ಕದೊಂದು ತುಣುಕು. ಸ್ಪಾಟಿಫೈನಲ್ಲಿ 30 ಸೆಕೆಂಡು ಓಡಿದರೆ ಒಂದು ಸ್ಟ್ರೀಮ್ ಅಂತ ಲೆಕ್ಕ. ಚರಣಕ್ಕೆ ತಲೆ ಕೆಡಿಸಿಕೊಳ್ಳುವವರು ಕಡಿಮೆಯಾಗಿದ್ದರೆ ಆಶ್ಚರ್ಯವೇನಿಲ್ಲ.

ಇನ್ನು ಗೆಳೆಯರ ವಿಷಯ. ನಿಮ್ಮ ಅಭಿಪ್ರಾಯ ನಿಮ್ಮದೇನಾ ಅಂತ ಅನುಮಾನ ಪಡಬೇಕಾದ್ದು ನಿಜವಾಗಿ ಇಲ್ಲಿ. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಮ್ಯಾಥ್ಯೂ ಸಾಲ್ಗಾನಿಕ್ ಮತ್ತು ಇನ್ನಿಬ್ಬರು ಸೇರಿ, ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು ಆರಿಸಿದರು. 14 ಸಾವಿರಕ್ಕೂ ಹೆಚ್ಚು ಜನ ಅವನ್ನು ಕೇಳಿ, ಇಷ್ಟವಾದದ್ದನ್ನು ಡೌನ್‌ಲೋಡ್ ಮಾಡಿಕೊಂಡರು. ಒಂದು ಗುಂಪಿಗೆ ಬೇರೆಯವರು ಏನು ಮಾಡಿದರು ಅಂತ ತೋರಿಸಲಿಲ್ಲ. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಅಂತ ಕಾಣುವ ಹಾಗೆ ಮಾಡಿದರು. ಎಂಟೂ ಗುಂಪಿಗೆ ಅವೇ ಹಾಡುಗಳು, ಶುರುವಿನಲ್ಲಿ ಎಲ್ಲದಕ್ಕೂ ಸೊನ್ನೆ. ಆದರೂ ಎಂಟು ಗುಂಪಿನಲ್ಲಿ ಎಂಟು ಥರದ ಹಿಟ್ ಪಟ್ಟಿ! ತಾವಾಗಿಯೇ ಕೇಳಿದವರ ಲೆಕ್ಕದಲ್ಲಿ 26ನೇ ಜಾಗದಲ್ಲಿದ್ದ ಒಂದು ಹಾಡು, ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಕ್ಕೆ ಇಳಿಯಿತು. ತೀರಾ ಚೆನ್ನಾಗಿರುವ ಹಾಡು ಪೂರ್ತಿ ನೆಲಕಚ್ಚಿದ್ದು ಅಪರೂಪ, ತೀರಾ ಕಳಪೆ ಹಾಡು ಗೆದ್ದದ್ದೂ ಅಪರೂಪ. ನಡುವಿನವುಗಳ ಹಣೆಬರಹ ಮಾತ್ರ ಮೊದಲು ಬಂದ ನಾಲ್ಕು ಜನರ ಕೈಯಲ್ಲಿ.

ನಿಮ್ಮ ಗೆಳೆಯರ ಗುಂಪಿನಲ್ಲಿ ಆ ಮೊದಲ ನಾಲ್ಕು ಜನರಲ್ಲಿ ನೀವೂ ಒಬ್ಬರು, ಅಲ್ವಾ? ಹಾಡು ಬಂದ ದಿನವೇ "ಏನೂ ಇಲ್ಲ" ಅಂತ ಹೇಳಿದರೆ, ಇನ್ನೂ ಕೇಳದ ಹತ್ತು ಜನ ಅದನ್ನು ಸಪ್ಪೆ ಅಂತ ಅಂದುಕೊಂಡೇ ಕೇಳುತ್ತಾರೆ.

ಅಭ್ಯಾಸದ ಬಲ ಎಷ್ಟು ಅಂತ ನೋಡಲು ನಮ್ಮ ನಾಡಗೀತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕುವೆಂಪು ಬರೆದ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಅದಕ್ಕೆ ಮೈಸೂರು ಅನಂತಸ್ವಾಮಿಯವರ ಟ್ಯೂನೂ ಇತ್ತು, ಸಿ. ಅಶ್ವಥ್ ಅವರದ್ದೂ ಇತ್ತು. ಇಬ್ಬರೂ ಸುಗಮ ಸಂಗೀತದ ದಿಗ್ಗಜರು. ಯಾವುದು ಸರಿ ಅಂತ ವರ್ಷಗಟ್ಟಲೆ ಜಗಳ. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಟ್ಯೂನಿನಲ್ಲೇ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಮಾಡಿತು. ಆ ಗಲಾಟೆ ನಡೆಯುವಾಗ ನಾನು ಗೊತ್ತಿದ್ದವರನ್ನೆಲ್ಲ ವಿಚಾರಿಸುತ್ತಿದ್ದೆ. ರಾಗದ ಬಗ್ಗೆ, ಗತ್ತಿನ ಬಗ್ಗೆ ಏನೇನೋ ವಾದ ಹೂಡುತ್ತಿದ್ದರು. ಸ್ವಲ್ಪ ಕೆದಕಿದರೆ ಹೊರಗೆ ಬರುತ್ತಿದ್ದ ಉತ್ತರ ಒಂದೇ: "ನಾವು ಸ್ಕೂಲಲ್ಲಿ ಹಾಡ್ತಿದ್ದಿದ್ದು ಇದೇ." ನನ್ನದೂ ಅದೇ ಉತ್ತರ. ಯಾವ ಟ್ಯೂನು ಅಂತ ಹೇಳಿದರೆ ಇಲ್ಲಿಯೂ ಜಗಳ ಶುರುವಾಗುತ್ತದೆ, ಬೇಡ ಬಿಡಿ.

ಹಾಗಂತ ಕೇಳುತ್ತಲೇ ಹೋದರೆ ಇಷ್ಟ ಏರುತ್ತಲೇ ಹೋಗುವುದಿಲ್ಲ. ಒಂದು ಮಟ್ಟ ದಾಟಿದರೆ ಇಳಿಯುತ್ತದೆ. ನಾನು ಒಮ್ಮೆ ತುಂಬ ಇಷ್ಟದ ಹಾಡನ್ನು ಮೊಬೈಲಿಗೆ ಅಲಾರಂ ಇಟ್ಟುಕೊಂಡೆ. ಎರಡು ತಿಂಗಳು. ಈಗ ಅದು ಮದುವೆ ಮನೆಯಲ್ಲಿ ಕೇಳಿಸಿದರೂ ಬೆಳಗಿನ ಐದೂವರೆಯ ಚಳಿ ನೆನಪಾಗಿ ಕೈ ಜೇಬಿಗೆ ಹೋಗುತ್ತದೆ. ಇಷ್ಟದ ಹಾಡನ್ನು ಕಾಲರ್ ಟ್ಯೂನ್ ಮಾಡಿಕೊಂಡವರಿಗೆ ದಿನಾ ಫೋನ್ ಮಾಡುವವರಿಗೂ ಇದು ಗೊತ್ತಿರುತ್ತದೆ. ಮೂರೂ ಸಲ ಒಂದೇ ದಿನ ಬೇಡ ಅಂದಿದ್ದು ಇದಕ್ಕೇ.

ನಾನು ಮಾಡುವುದು ಹೀಗೆ. ಮೊದಲ ಸಲ ಕಣ್ಣು ಮುಚ್ಚಿ ಕೇಳುತ್ತೇನೆ, ಲಿರಿಕಲ್ ವಿಡಿಯೋ ನೋಡುವುದಿಲ್ಲ. ಅಲ್ಲಿ ಹೀರೋ ಪೋಸ್ಟರ್ ಕಣ್ಣಿಗೆ ಬಿದ್ದರೆ ಹಾಡು ಅರ್ಧ ಅವನದ್ದಾಗಿಬಿಡುತ್ತದೆ. ಫೋನಿನ ಸ್ಪೀಕರಿನಲ್ಲಂತೂ ಬೇಡವೇ ಬೇಡ. ಅಷ್ಟು ಚಿಕ್ಕ ಸ್ಪೀಕರಿಗೆ ಕೆಳಗಿನ ಸದ್ದು ಹೊರಡಿಸುವ ತಾಕತ್ತಿಲ್ಲ. ಬೇಸ್ ಗಿಟಾರು, ತಬಲಾದ ಎಡಗೈಯ ಗುಮುಕಿ, ಎರಡೂ ಮಾಯ. ಒಂದು ಸಾಧಾರಣ ಇಯರ್‌ಫೋನ್ ಆದರೂ ಸಾಕು. ಎರಡನೇ ಸಲ ಮಾರನೇ ದಿನ, ಚರಣಗಳಿಗೆ ಕಿವಿ ಕೊಟ್ಟು. ಮೂರನೆಯದಕ್ಕೆ ಮೂರ್ನಾಲ್ಕು ದಿನ ಬಿಡುತ್ತೇನೆ. ಪ್ಲೇ ಒತ್ತುವ ಮುಂಚೆ ಹಾಡು ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಕೆಲವು ಹಾಡಿನ ಒಂದು ಸಾಲೂ ಬರುವುದಿಲ್ಲ. ಕೆಲವದರ ಬಿಜಿಎಂ ಕೂಡ ಬರುತ್ತದೆ. ಬೇರೆಯವರು ಏನಂದರು ಅಂತ ಓದುವುದೇನಿದ್ದರೂ ಇದಾದ ಮೇಲೆ.

ಅಷ್ಟು ದಿನ ತಡೆಯೋಕೆ ಆಗಲ್ಲ, ಬಂದ ದಿನವೇ ಹೇಳಬೇಕು ಅನ್ನಿಸಿದರೆ ಹೇಳಿ, ಅದರಲ್ಲೂ ಮಜಾ ಇದೆ. "ಒಂದೇ ಸಲ ಕೇಳಿದೆ, ಎರಡನೇ ಹಾಡಿನ ಪಲ್ಲವಿ ಹಿಡಿಸಲಿಲ್ಲ" ಅಂತ ಅಷ್ಟಕ್ಕೇ ನಿಲ್ಲಿಸಿ. ಆಮೇಲೆ ಗುನುಗುತ್ತಾ ಸಿಕ್ಕಿಬಿದ್ದರೂ ಕಾಲೆಳೆಯಲು ಅವರಿಗೆ ಏನೂ ಸಿಗುವುದಿಲ್ಲ.

ಮೊನ್ನೆ ಆ ಕ್ಯಾಸೆಟ್ಟಿನ ನಾಲ್ಕನೇ ಹಾಡನ್ನು ಹುಡುಕಿ ಅಕ್ಕನ ಮಗನಿಗೆ ಕೇಳಿಸಿದೆ. ಕೊಳಲು ಮುಗಿಯುವ ಮೊದಲೇ ಬೆರಳು ಸ್ಕ್ರೀನ್ ಮೇಲೆ ಹೋಯಿತು. "ಮಾಮ, ಇಂಟ್ರೋನೇ ಇಷ್ಟುದ್ದ ಇದೆಯಲ್ಲೋ" ಅಂದ. ಇನ್ನೆರಡು ಸಲ ಕೇಳಿ ನೋಡೋ ಅಂದಿದ್ದೇನೆ. ಇನ್ನೂ ಕೇಳಿಲ್ಲ.