ಮೊದಲ ರೆಕಾರ್ಡಿಂಗ್ ತನಕ ಅಳವಡಿಕೆ ಮುಗಿಯುವುದಿಲ್ಲ

ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ತಂತ್ರಾಂಶಕ್ಕೆ ಲಿನಕ್ಸ್‌ನಲ್ಲಿ ಬರವಿಲ್ಲ. ಮಿಥ್‌ಟಿವಿ 2002ರಿಂದಲೇ ಇದೆ. ವಿಡಿಆರ್, ಟಿವಿಹೆಡೆಂಡ್ ಕೂಡ ಪಳಗಿದ ತಂತ್ರಾಂಶಗಳೇ. ಜನ ಸೋತದ್ದು ಅಳವಡಿಸುವಾಗ. ಮಿಥ್‌ಟಿವಿಗೆ ಡೇಟಾಬೇಸ್ ಬೇಕು, ಟಿವಿ ಪ್ರಸಾರ ಹಿಡಿಯುವ ಟ್ಯೂನರ್‌ಗೆ ಅದನ್ನು ನಡೆಸುವ ಡ್ರೈವರ್ ಬೇಕು, ರಿಮೋಟ್ ಹೊಂದಿಸಬೇಕು, ಕಾರ್ಯಕ್ರಮಗಳ ವೇಳಾಪಟ್ಟಿ ತರಿಸಬೇಕು. ಇಷ್ಟನ್ನೂ ಒಂದೇ ಸಿಡಿಯಲ್ಲಿ ಕಟ್ಟಿಕೊಟ್ಟ ಕ್ನಾಪ್‌ಮಿಥ್, 2016ರಲ್ಲಿ ನಿಂತುಹೋದ ಮಿಥ್‌ಬುಂಟು ದೊಡ್ಡ ಉಪಕಾರ ಮಾಡಿದವು. ಇಂಥ ವ್ಯವಸ್ಥೆ ಕಟ್ಟುವವರಿಗೆ ನಾನು ಒತ್ತಿ ಹೇಳುವುದು ಒಂದೇ: ಬಳಕೆದಾರನಿಗೆ ಮಾತ್ರ ಗೊತ್ತಿರುವುದನ್ನು ಅವನನ್ನು ಕೇಳಿ, ಉಳಿದದ್ದನ್ನು ಯಂತ್ರವೇ ಹುಡುಕಿಕೊಳ್ಳಲಿ. ಯಾವ ಪ್ರದೇಶ, ಆಂಟೆನಾವೋ ಕೇಬಲ್ಲೋ ಡಿಶ್ಶೋ, ಡಿಸ್ಕ್ ಅಳಿಸಬಹುದೇ? ಇಷ್ಟು ಪ್ರಶ್ನೆ ಸಾಕು.

ಹೆಚ್ಚಿನವರು ಎಡವುವುದು ಟ್ಯೂನರ್‌ನಲ್ಲಿ. ಡ್ರೈವರ್ ಲೋಡ್ ಆಗಿರುತ್ತದೆ, ಸಾಧನದ ಹೆಸರೂ ಕಾಣಿಸುತ್ತದೆ, ಆದರೆ ಹುಡುಕಿದರೆ ಒಂದು ಚಾನೆಲ್ಲೂ ಸಿಗುವುದಿಲ್ಲ. ಪಾಪ, ಬಳಕೆದಾರ ಆಂಟೆನಾ ಕೆಟ್ಟಿದೆಯೆಂದು ಮಾಳಿಗೆ ಹತ್ತುತ್ತಾನೆ. ಎಷ್ಟೋ ಸಲ ಕಾಣೆಯಾಗಿರುವುದು ಫರ್ಮ್‌ವೇರ್ ಕಡತ, ಅಂದರೆ ಟ್ಯೂನರ್ ಚಿಪ್‌ನೊಳಗೇ ಓಡುವ ಪುಟ್ಟ ತಂತ್ರಾಂಶ. ಕೆಲವು ಚಿಪ್‌ಗಳು ಮೊದಲ ಸಲ ಟ್ಯೂನ್ ಮಾಡಿದಾಗಷ್ಟೇ ಅದನ್ನು ಕೇಳುತ್ತವೆ. ಸಿಗದಿದ್ದರೆ ಕರ್ನೆಲ್ ಲಾಗ್‌ನಲ್ಲಿ (ಲಿನಕ್ಸ್‌ನ ತಿರುಳು ಬರೆದಿಡುವ ದಿನಚರಿಯಲ್ಲಿ) ಒಂದು ಸಾಲು ಬರೆದು ಸುಮ್ಮನಾಗುತ್ತವೆ. ಆ ಸಾಲನ್ನು ಇನ್‌ಸ್ಟಾಲರ್, ಅಂದರೆ ಅಳವಡಿಸುವ ತಂತ್ರಾಂಶ, ತಾನೇ ಓದಿ, ಯಾವ ಕಡತ ಇಲ್ಲವೆಂದು ಸರಳ ಭಾಷೆಯಲ್ಲಿ ತಿಳಿಸಬೇಕು. ಪರವಾನಗಿ ಅನುಮತಿಸುವ ಫರ್ಮ್‌ವೇರ್‌ಗಳನ್ನೆಲ್ಲ ಮೊದಲೇ ತುಂಬಿಕೊಟ್ಟಿರಬೇಕು. ಎರಡು ಟ್ಯೂನರ್ ಇದ್ದರೆ ಇನ್ನೊಂದು ಎಚ್ಚರಿಕೆ: ಯಂತ್ರ ಮತ್ತೆ ಚಾಲೂ ಆದಾಗ ಅವುಗಳ ಕ್ರಮಸಂಖ್ಯೆ ಅದಲುಬದಲಾಗಬಹುದು. ಒಂದು ಕೇಬಲ್‌ಗೆ, ಇನ್ನೊಂದು ಆಂಟೆನಾಗೆ ಜೋಡಿಸಿದ್ದಾಗ ಹೀಗಾದರೆ ಎರಡೂ ದಂಡ. ಡ್ರೈವರ್‌ನ ಆಯ್ಕೆಗಳಲ್ಲಿ ಆ ಸಂಖ್ಯೆಯನ್ನು ಅಳವಡಿಸುವಾಗಲೇ ಕಟ್ಟಿಹಾಕಿ.

ಡಿಸ್ಕ್ ವಿಷಯ ಇಷ್ಟು ತೊಡಕಿನದಲ್ಲ. ರೆಕಾರ್ಡಿಂಗ್‌ಗೆ ಬೇರೆ ವಿಭಾಗ ಕೊಡಿ. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನಗಳಲ್ಲಿ, ದೊಡ್ಡ ಕಡತಗಳಿಗೆ ಎಕ್ಸ್‌ಎಫ್‌ಎಸ್ ನನ್ನ ಮೆಚ್ಚಿನದು. ಹಳೆಯ ಇಎಕ್ಸ್‌ಟಿ3ಯಲ್ಲಿ ಒಂದು ದೊಡ್ಡ ಕಡತ ಅಳಿಸುವಷ್ಟರಲ್ಲಿ, ಅದೇ ಹೊತ್ತಿಗೆ ನಡೆಯುತ್ತಿದ್ದ ಇನ್ನೊಂದು ರೆಕಾರ್ಡಿಂಗ್ ಮುಗ್ಗರಿಸುತ್ತಿತ್ತು. ಉಳಿದಿರುವ ಜಾಗವನ್ನು ಗಿಗಾಬೈಟ್ ಬದಲು ಗಂಟೆಗಳಲ್ಲಿ ತೋರಿಸುವುದು ಮೇಲು. ಸೆಕೆಂಡಿಗೆ 8 ಮೆಗಾಬಿಟ್‌ನ ಚಾನೆಲ್ ಗಂಟೆಗೆ 3.6 ಗಿಗಾಬೈಟ್ ನುಂಗುತ್ತದೆ. ಈ ಲೆಕ್ಕವನ್ನು ಮನೆಮಂದಿ ಏಕೆ ಹಾಕಬೇಕು?

ನಾನು ಬಹಳ ಮುಖ್ಯವೆಂದು ಭಾವಿಸುವ, ಆದರೆ ಸುಲಭವಾಗಿ ಕಡೆಗಣಿಸಲ್ಪಡುವ ಸಂಗತಿ ನಿದ್ದೆ ಮತ್ತು ಎಚ್ಚರ. ಯಂತ್ರ ದಿನವಿಡೀ ಉರಿಯುತ್ತಿರಬೇಕಿಲ್ಲ. ಮದರ್‌ಬೋರ್ಡಿನ ಗಡಿಯಾರಕ್ಕೆ ಎಚ್ಚರಿಸುವ ಸಮಯ ಬರೆದಿಟ್ಟು ಮಲಗಬಹುದು. ಆದರೆ ಕೆಲವು ಬೋರ್ಡುಗಳಲ್ಲಿ ಈ ಸೌಲಭ್ಯವನ್ನು ಬಯೋಸ್‌ನಲ್ಲಿ (ಬೋರ್ಡಿನ ಮೂಲ ಹೊಂದಿಕೆಗಳಲ್ಲಿ) ತೆರೆಯದಿದ್ದರೆ ಯಂತ್ರ ಏಳುವುದೇ ಇಲ್ಲ. ಅದು ಗೊತ್ತಾಗುವುದು ನೋಡಲೇಬೇಕಿದ್ದ ಕಾರ್ಯಕ್ರಮ ಕೈತಪ್ಪಿದ ಮೇಲೆ. ಹಾಗಾಗಿ ಇನ್‌ಸ್ಟಾಲರ್ ಐದು ನಿಮಿಷದ ನಂತರ ಏಳುವಂತೆ ಸಮಯ ಇಟ್ಟು ಯಂತ್ರವನ್ನು ಒಮ್ಮೆ ಮಲಗಿಸಿ ನೋಡಲಿ. ಪ್ರಸಾರದ ಜೊತೆ ಬರುವ ವೇಳಾಪಟ್ಟಿ ಯುಟಿಸಿಯಲ್ಲಿರುತ್ತದೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ಸಮಯವಲಯ ತಪ್ಪಿದ್ದರೆ ಪರದೆಯ ಪಟ್ಟಿಯಲ್ಲಿ ಎಲ್ಲ ಕಾರ್ಯಕ್ರಮಗಳೂ ತಪ್ಪು ಹೊತ್ತಿಗೆ ಕಾಣಿಸುತ್ತವೆ. ಅದನ್ನೂ ಆಗಲೇ ಪರೀಕ್ಷಿಸಲಿ.

ಎದ್ದ ಯಂತ್ರ ಯಾರೂ ಮುಟ್ಟದೆ ಪ್ರತಿ ತರಂಗಾಂತರದಿಂದ ಒಂದೊಂದು ಚಾನೆಲ್ಲನ್ನು ಎರಡು ನಿಮಿಷ ರೆಕಾರ್ಡ್ ಮಾಡಲಿ. ಡಿಜಿಟಲ್ ಪ್ರಸಾರ 188 ಬೈಟ್‌ನ ಪ್ಯಾಕೆಟ್‌ಗಳಾಗಿ ಬರುತ್ತದೆ. ಪ್ರತಿಯೊಂದರಲ್ಲೂ 0ಯಿಂದ 15ರವರೆಗೆ ಸುತ್ತುವ ಎಣಿಕೆಯಿದೆ. ನಡುವೆ ಅಂಕಿ ಹಾರಿದ್ದರೆ ಪ್ಯಾಕೆಟ್ ಕಳೆದಿದೆ ಎಂದರ್ಥ, ಕಣ್ಣಿಗೆ ಚಿತ್ರ ಸರಿಯಿದ್ದಂತೆ ಕಂಡರೂ. ಒಂದೇ ತರಂಗಾಂತರದಲ್ಲಿ ಹೀಗಾದರೆ ಮೊದಲು ಸಿಗ್ನಲ್ ನೋಡಿ. ಎಲ್ಲದರಲ್ಲೂ ಆದರೆ ಕೇಬಲ್, ಕನೆಕ್ಟರ್, ಯುಎಸ್‌ಬಿ ಪೋರ್ಟ್‌ನಿಂದ ಹುಡುಕಾಟ ಶುರುಮಾಡಿ.