ಲ್ಯಾಪ್‌ಟಾಪ್ ಮುಚ್ಚಿದರೆ ಕೆಲಸ ಮುಗೀತಾ?

"ಮೇಡಂ, ನಮ್ಮನೇಲಿ ಬೇರೆ ರೂಮ್ ಇಲ್ಲ, ಅದೇ ಸಮಸ್ಯೆ." ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ. ನಾನು ಬೆಂಗಳೂರಿನಲ್ಲಿ ಆಪ್ತಸಮಾಲೋಚಕಿ. 2020ರ ಲಾಕ್‌ಡೌನ್ ಆದಮೇಲೆ ನನ್ನ ಬಳಿ ಬರುವವರಲ್ಲಿ ಮನೆಯಿಂದ ಕೆಲಸ ಮಾಡುವವರೇ ಜಾಸ್ತಿ. ಒಬ್ಬರು ಬಾಲ್ಕನಿಗೆ ಗಾಜು ಹಾಕಿಸಿ ಆಫೀಸ್ ಮಾಡಿಕೊಂಡಿದ್ದರು. ಒಳ್ಳೆಯ ಕುರ್ಚಿ, ದೊಡ್ಡ ಮಾನಿಟರ್, ಎಲ್ಲ ಇತ್ತು. ರಾತ್ರಿ ಹನ್ನೊಂದಕ್ಕೂ ಆ ಗಾಜಿನೊಳಗೇ ಇರುತ್ತಿದ್ದರು. ಹೆಂಡತಿ ಹೊರಗಿನಿಂದ ಗಾಜು ತಟ್ಟಿ ಊಟಕ್ಕೆ ಕರೆಯುತ್ತಿದ್ದರು. ರೂಮ್ ಇತ್ತಲ್ವಾ?

ಬೆಳಗ್ಗೆ ಹೇಗೆ ಶುರು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಸಂಜೆ ಹೇಗೆ ಮುಗಿಸಬೇಕು ಅಂತ ಕೇಳಿದವರು ಇಷ್ಟು ವರ್ಷದಲ್ಲಿ ನಾಲ್ಕೈದು ಜನ ಇರಬಹುದು.

ನನ್ನ ತವರು ಗುಳೇದಗುಡ್ಡ, ಕುಪ್ಪಸದ ಖಣ ನೇಯುವ ಊರು. ಅಜ್ಜನ ಮಗ್ಗ ಪಡಸಾಲೆಯಲ್ಲೇ ಇತ್ತು. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ. ಕಾಲು ಕುಣಿಯೊಳಗೆ ಇಳಿಬಿಟ್ಟು ಕೂತರೆ ಕೆಲಸ, ಮೇಲೆ ಬಂದರೆ ಮನೆ. ಏಳುವ ಮುಂಚೆ ಅಜ್ಜ ಹರಿದ ಎಳೆ ಹುಡುಕಿ ಗಂಟು ಹಾಕುತ್ತಿದ್ದ, ಆಮೇಲೆ ಹಳೆಯ ಧೋತರ ಹೊದಿಸುತ್ತಿದ್ದ. ಊಟಕ್ಕೆ ಕೂತಾಗ ಯಾರಾದರೂ ನೂಲಿನ ಸುದ್ದಿ ತೆಗೆದರೆ, "ಕುಣಿ ಬಿಟ್ಟು ಮ್ಯಾಲ ಬಂದೀನಿ, ನಾಳಿಗೆ ಮಾತಾಡೂಣು" ಅಂತಿದ್ದ. ಮದುವೆ ಸೀಸನ್ನಿನಲ್ಲಿ ಇದೆಲ್ಲ ನಡೆಯುತ್ತಿರಲಿಲ್ಲ, ರಾತ್ರಿಯೂ ನೇಯುತ್ತಿದ್ದ. ಅಜ್ಜನೇನೂ ಸಂತನಲ್ಲ.

ನಾನು ಹೇಳಿಕೊಡುವುದು ಆ ಎಳೆ ಗಂಟು ಹಾಕುವ ಕೆಲಸವನ್ನೇ. ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ಐದು ನಿಮಿಷ, ಕಾಗದದ ಮೇಲೆ ಮೂರು ಸಾಲು. ಯಾವುದು ಅರ್ಧಕ್ಕೆ ನಿಂತಿದೆ, ನಾಳೆ ಅದರಲ್ಲಿ ಮೊದಲು ಏನು ಮಾಡ್ತೀನಿ, ಯಾರು ನನ್ನ ಉತ್ತರಕ್ಕೆ ಕಾಯ್ತಿದ್ದಾರೆ. ಅಷ್ಟೇ.

ಇಲ್ಲೇ ಎಲ್ಲರೂ ಎಡವುವುದು. "ರಿಪೋರ್ಟ್ ಬಾಕಿ ಇದೆ" ಅಂತ ಬರೆದುಕೊಂಡು ಬರುತ್ತಾರೆ. ಅದು ನಿಮಗೆ ಗೊತ್ತೇ ಇದೆಯಲ್ಲ ಮಾರಾಯ್ರೇ! ಅದೇ ತಾನೇ ರಾತ್ರಿಯೆಲ್ಲ ತಲೆಯಲ್ಲಿ ಸುತ್ತುತ್ತಿರುವುದು? "ನಾಳೆ ಕೂತ ತಕ್ಷಣ ಮೂರನೇ ಶೀಟಿನಲ್ಲಿ ಜುಲೈ ಲೆಕ್ಕ ತಾಳೆ ನೋಡೋದು" ಅಂತ ಬರೆಯಿರಿ. ಕೈ ಎಲ್ಲಿ ಇಡಬೇಕು ಅಂತ ಗೊತ್ತಾದರೆ ತಲೆ ಅದನ್ನು ಕೆಳಗಿಡುತ್ತದೆ. ಮುಗಿಸಲೇಬೇಕು ಅಂತಿಲ್ಲ. ಇದನ್ನು ನಾನು ಮೂರು ಸಲ, ನಾಲ್ಕು ಸಲ ಹೇಳುತ್ತೇನೆ, ಆದರೂ ಮುಂದಿನ ವಾರ "ಪೂರ್ತಿ ಮುಗಿಸಿ ಎದ್ದೆ ಮೇಡಂ, ರಾತ್ರಿ ಒಂದು ಗಂಟೆಯಾಯ್ತು" ಅಂತ ಹೆಮ್ಮೆಯಿಂದ ಬರುತ್ತಾರೆ. ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಇಂಥದ್ದೇ ಕಂಡಿತ್ತು. ಬಾಕಿ ಕೆಲಸಕ್ಕೆ ಖಚಿತವಾದ ಯೋಜನೆ ಹಾಕಿಕೊಂಡರೆ, ಕೆಲಸ ಮುಗಿಯದಿದ್ದರೂ ಅದರ ಕಾಟ ಕಡಿಮೆಯಾಗುತ್ತದೆ. ಎಲ್ಲರಿಗೂ ಒಂದೇ ಥರ ಕೆಲಸ ಮಾಡುತ್ತದೆ ಅಂತ ನಾನು ಹೇಳಲಾರೆ.

ಆಮೇಲೆ ಲ್ಯಾಪ್‌ಟಾಪ್ ಕಪಾಟಿನೊಳಗೆ. ಊಟದ ಟೇಬಲ್ ಮೇಲೆ ಮುಚ್ಚಿಟ್ಟರೆ ಅದು ಸಾರಿನ ಪಾತ್ರೆ ಪಕ್ಕ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ಫೋನಿನಲ್ಲಿ ಆಫೀಸ್ ಮೆಸೇಜಿನ ಸದ್ದು ನಿಲ್ಲಿಸಿ. ಇದನ್ನೆಲ್ಲ ಬಿಡಿಸಿ ಹೇಳಬೇಕಾ?

ರಾತ್ರಿ ಕಾಲ್ ಇರುವವರ ಕಷ್ಟ ಬೇರೆ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ನ್ಯೂಯಾರ್ಕಿನ ಬೆಳಗ್ಗೆ ಒಂಬತ್ತೂವರೆಯ ಮೀಟಿಂಗ್ ನಮಗೆ ಸಂಜೆ ಏಳಕ್ಕಿದ್ದದ್ದು ಎಂಟಕ್ಕೆ ಸರಿಯುತ್ತದೆ. ಮಗು ಮಲಗುವ ಹೊತ್ತು. ಆ ತಿಂಗಳು ನನ್ನ ಕೋಣೆಗೆ ಗಂಡ ಹೆಂಡತಿ ಜಗಳಗಳು ಸ್ವಲ್ಪ ಜಾಸ್ತಿಯೇ ಬರುತ್ತವೆ. ಅಂಥವರು ಸಂಜೆ ಆರಕ್ಕೆ ಮುಗಿಸಿದೆ ಅಂತ ನಟಿಸುವುದು ಬೇಡ. ಮಧ್ಯಾಹ್ನ ಎರಡು ಗಂಟೆ ಬಿಡುವು ತಗೊಳ್ಳಿ, ಕಾಲ್ ಆದಮೇಲೆ ಮೂರು ಸಾಲು ಬರೆಯಿರಿ. ಫ್ರಾನ್ಸ್‌ನಲ್ಲಿ 2017ರಿಂದ ಕೆಲಸದ ಹೊತ್ತು ಮುಗಿದಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ. ನಮ್ಮಲ್ಲಿ ಹಾಗಿಲ್ಲ. ನೀವು ಯಾವ ಹೊತ್ತು ಸಿಗುತ್ತೀರಿ, ಯಾವ ಹೊತ್ತು ಸಿಗುವುದಿಲ್ಲ ಅಂತ ಮ್ಯಾನೇಜರ್ ಹತ್ತಿರ ಮಾತಾಡಿ ಮೇಲ್‌ನಲ್ಲಿ ಬರೆಸಿಕೊಂಡರೆ ಒಳ್ಳೆಯದು. ಕೆಲಸ ಹೋಗುವ ಭಯ ಇರುವವರಿಗೆ ನಾನು ಒತ್ತಾಯ ಮಾಡುವುದಿಲ್ಲ.

ಇನ್ನೊಂದು ಮಾತು. ಎರಡು ವಾರ ಮೀರಿ ನಿದ್ದೆ ಬರುತ್ತಿಲ್ಲ, ಸಂಜೆಯ ಕುಡಿತ ಹೆಚ್ಚಾಗಿದೆ, ಯಾವುದೂ ಬೇಡ ಅನಿಸುತ್ತಿದೆ ಅಂದರೆ ಈ ಮೂರು ಸಾಲು ಸಾಲದು. ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಗಾಜಿನ ಬಾಲ್ಕನಿಯವರು ಒಂದು ತಿಂಗಳು ಬರಲಿಲ್ಲ. ಆಮೇಲೆ ಒಂದು ರಾತ್ರಿ ಹನ್ನೊಂದೂ ನಲವತ್ತಕ್ಕೆ ವಾಟ್ಸಾಪ್ ಬಂತು. ಮೂರು ಸಾಲು ಬರೆದ ಹಾಳೆಯ ಫೋಟೋ. "ಮೇಡಂ, ಇವತ್ತು ಏಳಕ್ಕೇ ಬರೆದೆ. ಸರಿ ಇದೆಯಾ ನೋಡಿ." ನಾನು ಹಾಸಿಗೆಯಲ್ಲಿ ಎದ್ದು ಕೂತು, ಕನ್ನಡಕ ಹುಡುಕಿ, ಎರಡನೇ ಸಾಲು ಇನ್ನೂ ಸ್ವಲ್ಪ ಬಿಡಿಸಿ ಬರೀಬೇಕಿತ್ತು ಅಂತ ಟೈಪ್ ಮಾಡತೊಡಗಿದೆ. ಪಕ್ಕದಿಂದ ನಮ್ಮ ಯಜಮಾನರು, "ಕುಣಿ ಬಿಟ್ಟು ಮ್ಯಾಲ ಬರ್ತೀಯೇನವಾ?" ಅಂದರು.